ದೆವ್ವದ ಕಥೆ ನೋಡಿ ಅಳುವುದೇ?

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ನಡುಮನೆಯಲ್ಲಿ ಫೋನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನ್ನ ಎದೆ ಧಸಕ್ಕೆಂದಿತು. ಹದಿನಾರರ ಹುಡುಗಿ ಫೋನು ನೋಡಿ ಅತ್ತರೆ ಹಿರಿಯರ ಮನಸ್ಸು ಎಲ್ಲೆಲ್ಲಿಗೆ ಓಡುತ್ತದೆಂದು ನಿಮಗೆ ಬಿಡಿಸಿ ಹೇಳಬೇಕೇ? ಹತ್ತಿರ ಹೋಗಿ ನೋಡಿದರೆ, ಅವಳು ಅಳುತ್ತಿದ್ದದ್ದು ಒಂದು ಧಾರಾವಾಹಿಗೆ!

‘ಸ್ಟ್ರೇಂಜರ್ ಥಿಂಗ್ಸ್’ ಅಂತೆ. 2016ರಲ್ಲಿ ಶುರುವಾದ ಅಮೆರಿಕದ ಧಾರಾವಾಹಿ. ಅವಳು ನೋಡುತ್ತಿದ್ದದ್ದು 2022ರಲ್ಲಿ ಬಂದ ನಾಲ್ಕನೆಯ ಭಾಗ. ಚರ್ಮ ಸುಲಿದಂತಿರುವ ವೆಕ್ನಾ ಎಂಬ ಪಿಶಾಚಿ ಮಕ್ಕಳ ಮನಸ್ಸಿಗೆ ಹೊಕ್ಕು, ಮೈಯನ್ನು ಗಾಳಿಗೆತ್ತಿ, ಕೈಕಾಲಿನ ಮೂಳೆಗಳನ್ನು ಲಟಲಟನೆ ಮುರಿಯುತ್ತದೆ. ಎರಡು ನಿಮಿಷ ನೋಡಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡೆ.

“ಥೂ, ಇಂಥದ್ದಕ್ಕೆ ಹೆದರೋದು ಬಿಟ್ಟು ಅಳ್ತಾರೇನೇ?”

“ದೆವ್ವಕ್ಕಲ್ಲ ಅಜ್ಜಿ. ಮ್ಯಾಕ್ಸ್ ಕೈಕಾಲು ಮುರಿದು, ಕಣ್ಣು ಕಾಣದೆ ಬಿದ್ದಿದ್ದಾಳೆ. ಲೂಕಸ್ ಅವಳನ್ನ ತಬ್ಕೊಂಡು ಬಿಡ್ತಾನೇ ಇಲ್ಲ, ನೋಡು.”

ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ನಾನೂ ಹೀಗೆ ಅತ್ತವಳೇ. 1979ರಲ್ಲಿ ‘ನಾ ನಿನ್ನ ಬಿಡಲಾರೆ’ ಬಂದಾಗ ನಾನು ಹೊಸ ಸೊಸೆ. ಪಟ್ಟನಾಯಕನಹಳ್ಳಿಯಿಂದ ಬಸ್ಸು ಹತ್ತಿ, ಅತ್ತೆಯವರ ಜೊತೆ ಶಿರಾಕ್ಕೆ ಹೋಗಿ ನೋಡಿದ್ದೆ. ಅನಂತನಾಗ್ ಮೈಮೇಲೆ ಕಾಮಿನಿಯ ದೆವ್ವ ಬಂದಾಗ ಹೆಂಗಸರೆಲ್ಲ ಚೀರಿದರು, ನಿಜ. ಆದರೆ ಅತ್ತದ್ದು ಹೆಂಡತಿ ಲಕ್ಷ್ಮಿಯನ್ನು ನೋಡಿ. ಗಂಡನ ಮುಖ ಅದೇ, ನೋಟ ಮಾತ್ರ ಬೇರೆ. ಆದರೂ ಅವಳು ಅವನನ್ನು ಬಿಟ್ಟು ಹೋಗುವುದಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕೇಳಿದ್ದರು: “ಅಲ್ಲಾ ಕಣೇ, ಬಿಡಲಾರೆ ಅನ್ನೋದು ದೆವ್ವವೋ, ಹೆಂಡ್ತಿಯೋ?”

1986ರಲ್ಲಿ ಒಂದು ಬೆಳಗ್ಗೆ ಒಲೆ ಮುಂದೆ ಕೂತಿದ್ದ ಅದೇ ಅತ್ತೆಯ ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು, ಮಾತು ತೊದಲಿತು. “ಗಾಳಿ ಸೋಕಿದೆ” ಅಂದರು ನೆರೆಯವರು. ಸಿನಿಮಾ ನೆನಪಿತ್ತಲ್ಲ, ನಾನೂ ಅರ್ಧ ನಂಬಿದೆ. ಬೇವಿನಸೊಪ್ಪು ನಿವಾಳಿಸಿ, ತಾಯತ ಕಟ್ಟಿಸಿ, ಒಂದು ಹಗಲು ಒಂದು ರಾತ್ರಿ ಕಳೆದೆವು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ತಡಮಾಡದೆ 108ಕ್ಕೆ ಫೋನು ಮಾಡಿ. ಅದು ಲಕ್ವ, ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಗಡ್ಡೆಯನ್ನು ಕರಗಿಸುವ ಚುಚ್ಚುಮದ್ದನ್ನು 4½ ಗಂಟೆಯೊಳಗೆ ಕೊಡಬೇಕು. ಆಗ ಆ ಮದ್ದು ಬಳಕೆಗೆ ಬಂದಿರಲಿಲ್ಲ. ಆದರೂ ಆ ರಾತ್ರಿ ನನ್ನನ್ನು ಬಿಟ್ಟಿಲ್ಲ.

ಇನ್ನೊಂದು ಮಾತು. ಇದನ್ನು ನಮ್ಮ ಯಜಮಾನರಿಗೂ ಹೇಳಿರಲಿಲ್ಲ. ಅತ್ತೆಯ ಮುಖ ಕಂಡರೆ ನನಗೆ ಹೆದರಿಕೆಯಾಗುತ್ತಿತ್ತು. ಗಂಜಿ ಕುಡಿಸಿದರೆ ಒಂದು ಬದಿಯಿಂದ ಸೋರುತ್ತಿತ್ತು. ನಾನು ಬಟ್ಟಲನ್ನೇ ನೋಡುತ್ತಾ ಕುಡಿಸುತ್ತಿದ್ದೆ. ಮಗು ಹೆದರುತ್ತದೆಂದು ಮಗಳನ್ನು ಹತ್ತಿರ ಬಿಡುತ್ತಿರಲಿಲ್ಲ. ಹೆದರಿದ್ದವಳು ನಾನು. ಅವರಿಗೆ ಅದು ತಿಳಿಯುತ್ತಿತ್ತು. ಕಣ್ಣು ಚೆನ್ನಾಗಿಯೇ ಇತ್ತಲ್ಲ!

ಆರು ತಿಂಗಳಾಗಿರಬೇಕು. ಅಂಗಳದಲ್ಲಿ ಕಡಲೇಕಾಯಿ ಸುಲಿಯುತ್ತಾ, ಅವರೇ ಕಲಿಸಿದ್ದ ಸೋಬಾನೆ ಪದವೊಂದನ್ನು ಗುನುಗುತ್ತಿದ್ದೆ. ಒಳಗಿನಿಂದ ಎರಡನೆಯ ಸಾಲು ಬಂತು! “ನೀರು” ಅನ್ನಲೂ ಆಗದ ಬಾಯಲ್ಲಿ, ಒಂದಕ್ಷರ ತಪ್ಪಿಲ್ಲದೆ. ಮಾತು ಬಿದ್ದುಹೋದವರಲ್ಲೂ ಕೆಲವರಿಗೆ ಹಾಡು ಉಳಿದಿರುತ್ತದಂತೆ. ಮಾತು ಹೆಚ್ಚಾಗಿ ಮಿದುಳಿನ ಎಡಭಾಗದ ಕೆಲಸ, ರಾಗಕ್ಕೆ ಬಲಭಾಗವೂ ನೆರವಾಗುತ್ತದೆ. ಆಗ ನನಗೇನು ಗೊತ್ತು? ಒಳಗೆ ಓಡಿದೆ. ಅವತ್ತು ಅವರ ಮುಖವನ್ನು ನೇರವಾಗಿ ನೋಡಿದೆ. ಸೊಟ್ಟ ಬಾಯಲ್ಲೇ ನಗುತ್ತಿದ್ದರು. ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿದೆ.

ಇದನ್ನೆಲ್ಲ ಹೇಳಿ ಮುಗಿಸುವಾಗ ಮೊಮ್ಮಗಳು ಫೋನನ್ನು ಬೋರಲು ಹಾಕಿದ್ದಳು. ಅವಳ ಕಥೆಯಲ್ಲೂ ಮ್ಯಾಕ್ಸಳನ್ನು ಒಮ್ಮೆ ಪಿಶಾಚಿಯ ಕೈಯಿಂದ ಬಿಡಿಸಿದ್ದು ಒಂದು ಹಾಡಂತೆ. ಕೇಟ್ ಬುಷ್ ಎಂಬಾಕೆ 1985ರಲ್ಲಿ ಹಾಡಿದ್ದು. ಈ ಧಾರಾವಾಹಿಯಿಂದಾಗಿ 37 ವರ್ಷಗಳ ಮೇಲೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತಂತೆ.

“ನಿಮ್ಮತ್ತೆ ಹೇಳಿದ್ದು ಯಾವ ಪದ ಅಜ್ಜಿ? ಈಗ ಹೇಳು.”

ಮೊದಲ ಸಾಲು ಬಂತು. ಎರಡನೆಯದು ಅತ್ತೆಯದು, ಅದು ಬರಲು ಸ್ವಲ್ಪ ಹೊತ್ತು ಹಿಡಿಯಿತು.