ನಂಬದವರ ಹಬ್ಬ

ದೇವರನ್ನು ನಂಬದವನು ಹಬ್ಬ ಮಾಡಬಹುದೇ? ಹಿಂದೊಮ್ಮೆ ತರಗತಿಯಲ್ಲಿ ಈ ಪ್ರಶ್ನೆಯನ್ನು ಎತ್ತಿದವರು ನಿಮ್ಮಲ್ಲೇ ಒಬ್ಬರು. ನಾನು ಉತ್ತರಿಸುವಷ್ಟರಲ್ಲಿ ಗಂಟೆ ಬಾರಿಸಿತೆಂದು ನೆನಪು.

ಈ ಪ್ರಶ್ನೆಯನ್ನೇ ಬದುಕಾಗಿಸಿಕೊಂಡವರು ಅಮೆರಿಕದ ಯೆಹೂದ್ಯ ಧರ್ಮಗುರು ಶೆರ್ವಿನ್ ವೈನ್. 1963ರಲ್ಲಿ ಅವರು ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ಒಂದು ಸಭೆಯನ್ನು ಸ್ಥಾಪಿಸಿದರು. ಅಲ್ಲಿ ಹಬ್ಬಗಳಿದ್ದವು, ದೇವರ ಪ್ರಾರ್ಥನೆಯಿರಲಿಲ್ಲ. ನಾಲಿಗೆ ನುಡಿಯುವುದನ್ನು ಮನಸ್ಸು ಒಪ್ಪಿರಬೇಕೆಂಬುದು ಅವರ ಹಟ. ಹಳೆಯ ಮಂತ್ರವನ್ನೇ ಉಚ್ಚರಿಸಿ ಒಳಗೊಳಗೇ ಬೇರೆ ಅರ್ಥ ಕಲ್ಪಿಸಿಕೊಳ್ಳುವುದು ಅವರಿಗೆ ಸಮ್ಮತವಾಗಲಿಲ್ಲ, ಮಾತುಗಳನ್ನೇ ಬದಲಿಸಿದರು.

ಪಸ್ಕ ಹಬ್ಬವನ್ನೇ ನೋಡಿ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಊಟವದು. ಹುಳಿಯಿಲ್ಲದ ರೊಟ್ಟಿ; ದಾಸ್ಯದ ಕಹಿಗೆ ಕಹಿಸೊಪ್ಪು; ಕಣ್ಣೀರಿಗೆ ಉಪ್ಪುನೀರು. ಮನೆಯ ಕಿರಿಯ ಮಗು ಪ್ರಶ್ನೆ ಕೇಳಬೇಕು, ಹಿರಿಯರು ಉತ್ತರಿಸಬೇಕು. (ಮೇಷ್ಟರ ಮನಸ್ಸು ಇಲ್ಲಿ ಸೋಲದಿರುವುದುಂಟೇ?) ಈಜಿಪ್ಟಿಗೆ ಬಂದೆರಗಿದ ಹತ್ತು ಪಿಡುಗುಗಳನ್ನು ಹೆಸರಿಸುವಾಗ ಬಟ್ಟಲಿನಿಂದ ಒಂದೊಂದು ಹನಿ ದ್ರಾಕ್ಷಾರಸವನ್ನು ಹೊರತೆಗೆಯುತ್ತಾರೆ. ಶತ್ರುವಿನ ಸಂಕಟದಿಂದ ತಮ್ಮ ಸಂತೋಷವೂ ಅಷ್ಟು ಕಡಿಮೆಯಾಯಿತೆಂದು ಅನೇಕರು ಅದನ್ನು ಅರ್ಥೈಸುತ್ತಾರೆ. ಇವಾವುದಕ್ಕೂ ಆಸ್ತಿಕ್ಯ ಅನಿವಾರ್ಯವಲ್ಲ.

ಆ ನಿರ್ಗಮನವು ಗ್ರಂಥದಲ್ಲಿ ಹೇಳಿದಂತೆಯೇ ನಡೆಯಿತೆಂಬುದಕ್ಕೆ ಉತ್ಖನನಗಳಲ್ಲಿ ಪುರಾವೆ ದೊರೆತಿಲ್ಲ. ವೈನ್ ಅವರ ಹಾದಿಯವರು ಇದನ್ನು ಮಕ್ಕಳಿಂದ ಮುಚ್ಚಿಡುವುದಿಲ್ಲ. ಕಥೆಯನ್ನು ಕಥೆಯೆಂದೇ ಹೇಳಿ, ಪಕ್ಕದಲ್ಲಿ ಇತಿಹಾಸವನ್ನು ಇಡುತ್ತಾರೆ. 1943ರ ಏಪ್ರಿಲ್ 19, ಪಸ್ಕದ ಮುನ್ನಾದಿನ. ವಾರ್ಸಾದ ಘೆಟ್ಟೋದಲ್ಲಿ ಉಳಿದಿದ್ದವರನ್ನು ಸಾವಿನ ಶಿಬಿರಗಳಿಗೆ ಸಾಗಿಸಲು ನಾತ್ಸಿ ಪಡೆ ಒಳನುಗ್ಗಿದಾಗ, ಯೆಹೂದ್ಯ ತರುಣ ತರುಣಿಯರು ಕೈಗೆ ಸಿಕ್ಕ ಪಿಸ್ತೂಲು, ಬಾಂಬುಗಳನ್ನು ಹಿಡಿದು ಎದುರಿಸಿದರು. ಸುಮಾರು ಒಂದು ತಿಂಗಳ ಹೋರಾಟ. ಅಲ್ಲಿ ಸಮುದ್ರ ಇಬ್ಭಾಗವಾಗಲಿಲ್ಲ. ಅದನ್ನು ಕಂಡ ಮೇಲೆ, ಕಾಪಾಡಿದ ದೇವರನ್ನು ಹೊಗಳಲು ಹಲವರಿಗೆ ನಾಲಿಗೆ ಏಳಲಿಲ್ಲ. ಆದರೆ ಹಬ್ಬವನ್ನೇ ಬಿಟ್ಟರೆ ಸತ್ತವರೊಡನೆ ಇದ್ದ ಕೊನೆಯ ಪಂಕ್ತಿಯನ್ನೂ ಬಿಟ್ಟೆದ್ದಂತೆ. ಈ ಇಕ್ಕಟ್ಟನ್ನು ತಿಳಿದವರು ವೈನ್ ಅವರನ್ನು ನಗೆಯಾಡಲಾರರು.

ಆದರೂ ನನಗೊಂದು ಅಳುಕಿದೆ. ಅಜ್ಜಿಯ ಬಾಯಿಂದ ಬಂದ ಮಾತುಗಳನ್ನು ತಿದ್ದಿದರೆ, ಮೊಮ್ಮಗು ಅಜ್ಜಿಯೊಡನೆ ಯಾವ ಮಾತನ್ನು ಹಂಚಿಕೊಂಡೀತು? ಪೂರೀಮ್ ಹಬ್ಬಕ್ಕೆ ಈ ತೊಡಕು ಕಡಿಮೆ. ಅಂದು ಓದುವ ಎಸ್ತೇರಳ ಗ್ರಂಥದ ಹೀಬ್ರೂ ಪಾಠದಲ್ಲಿ ದೇವರ ಹೆಸರೇ ಇಲ್ಲ. ಅದರ ಮೊದಲ ವಾಕ್ಯದಲ್ಲಿ ನಮ್ಮ ಭಾರತದ ಹೆಸರಿದೆ! ಕಷ್ಟವಿರುವುದು ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ನಲ್ಲಿ. ಅದರ ಸಂಜೆ ಹಾಡುವ ಕೋಲ್ ನಿದ್ರೆ ದೇವರ ಮುಂದೆ ಮಾಡಿದ ಹರಕೆಗಳನ್ನು ರದ್ದುಗೊಳಿಸುವ ವಿಧಿ. ನಂಬದವರಿಗೆ ಅದರ ಮಾತು ಹೊಂದದು, ರಾಗವನ್ನು ಬಿಡಲು ಮನಸ್ಸು ಬಾರದು. ಕೆಲವು ಸಭೆಗಳಲ್ಲಿ ಅದನ್ನು ಚೆಲ್ಲೋ ವಾದ್ಯದಲ್ಲಿ ನುಡಿಸುತ್ತಾರೆ. ಮಾತು ಬಲ್ಲವರು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾರೆ, ಉಳಿದವರು ಕೇಳುತ್ತಾ ಕುಳಿತಿರುತ್ತಾರೆ.