ಹತ್ತು ಹತ್ತು ನಿಮಿಷದ ಕಾದಂಬರಿ

ದುಡ್ಡು ಕೊಟ್ಟು ತಗೊಂಡ ಪುಸ್ತಕ ಯಾರದ್ದು? ಕಾಗದದ ಪುಸ್ತಕವಾದರೆ ಇದೊಂದು ಪ್ರಶ್ನೆಯೇ ಅಲ್ಲ. ಮೊದಲ ಪುಟದಲ್ಲಿ ಹೆಸರು, ಊರು, ತಾರೀಕು ಬರೆದಿಟ್ಟರೆ ಅದು ನಮ್ಮದು. ಆಮೇಲೆ ಪಕ್ಕದ ಮನೆಯವರು ಒಯ್ಯಬಹುದು, ಆರು ತಿಂಗಳು ಇಟ್ಟುಕೊಳ್ಳಬಹುದು, ರಟ್ಟು ಕಿತ್ತು ವಾಪಸ್ ತರಬಹುದು. ಆಡಿಯೋ ಬುಕ್ ಹಾಗಲ್ಲ. ಪುಸ್ತಕ ತಗೊಂಡೆವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ನಮಗೆ ಸಿಕ್ಕಿರೋದು ಅಂಗಡಿಯ ಒಳಗೇ ಕೂತು ಕೇಳುವ ಪರವಾನಗಿ ಮಾತ್ರ.

ನಾನು ಇದನ್ನೆಲ್ಲ ಯೋಚಿಸೋಕೆ ಶುರು ಮಾಡಿದ್ದು ಅಪ್ಪಯ್ಯನ ಕಣ್ಣಿನ ಕಾರಣಕ್ಕೆ. ಗ್ಲಾಕೋಮಾ ಅನ್ನೋದು ಸದ್ದಿಲ್ಲದೆ ಅಂಚಿನಿಂದ ನೋಟವನ್ನು ತಿನ್ನುತ್ತಾ ಬರುವ ಕಾಯಿಲೆ. ಹೋದ ದೃಷ್ಟಿ ವಾಪಸ್ ಬರಲ್ಲ. ಔಷಧಿಯ ಹನಿ ಬಿಟ್ಟುಕೊಂಡು ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ತೀರ್ಥಹಳ್ಳಿಗೆ ಹೋದಾಗಲೆಲ್ಲ ಲೈಬ್ರರಿಯಿಂದ ಎರಡು ಕಾದಂಬರಿ ಹಿಡಿದುಕೊಂಡೇ ಬರುತ್ತಿದ್ದವರು ಅಪ್ಪಯ್ಯ. ಈಗ ಪುಟ ತೆರೆದರೆ ಅಕ್ಷರದ ಸಾಲು ಅರ್ಧಕ್ಕೇ ಮಾಯ.

ಫೋನಿಗೆ ಆ್ಯಪ್ ಹಾಕಿಕೊಟ್ಟೆ. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಕೊಟ್ಟಿಗೆಯ ಹಿಂದಿನ ದಿಬ್ಬದ ಮೇಲೆ. ಪುಸ್ತಕವನ್ನು ಮೊದಲೇ ಇಳಿಸಿಟ್ಟರೂ, ಅಡಿಕೆ ಸುಲಿದು ಕಪ್ಪಾದ ಒರಟು ಬೆರಳಿಗೆ ಆ ಗಾಜು ಬಗ್ಗಲಿಲ್ಲ. "ಇದು ನನ್ನ ಮಾತು ಕೇಳಲ್ಲ ಮಾರಾಯ. ಒತ್ತಿದ್ರೆ ಒಂದು, ಮುಟ್ಟಿದ್ರೆ ಇನ್ನೊಂದು" ಅಂದು ಬದಿಗಿಟ್ಟರು. ಅವರ ಕೈಗೆ ಒಗ್ಗಿದ್ದು ಭದ್ರಾವತಿ ಆಕಾಶವಾಣಿ ಕೇಳೋ ರೇಡಿಯೋ. ಅದಕ್ಕೆ ಐದು ಬಟನ್. ಕಣ್ಣು ಮುಚ್ಚಿ ಬೇಕಾದ್ದನ್ನು ಒತ್ತುತ್ತಾರೆ. ಪಕ್ಕದಲ್ಲಿ ಪೆನ್‌ಡ್ರೈವ್ ಹಾಕುವ ಒಂದು ಕಿಂಡಿ ಇದೆ. ನನಗೆ ದಾರಿ ಕಂಡಿದ್ದು ಆ ಕಿಂಡಿಯಲ್ಲಿ.

ನಾನು ಕೊಂಡ ಪುಸ್ತಕಗಳಲ್ಲಿ ಬೀಗವಿಲ್ಲದೆ ಕಂಪ್ಯೂಟರಿಗೆ ಇಳಿಯುವಂಥವು ಎಂ4ಬಿ ರೂಪದಲ್ಲಿ ಬರುತ್ತವೆ. ಇಡೀ ಪುಸ್ತಕ ಒಂದೇ ಫೈಲು. ಅಧ್ಯಾಯಗಳ ಗುರುತು ಅದರೊಳಗೇ. ಫೋನಿಗೆ, ಕಂಪ್ಯೂಟರಿಗೆ ಚೆಂದ. ರೇಡಿಯೋಗೆ ಮಾತ್ರ ಅದು ಪರಭಾಷೆ. ಅದಕ್ಕೆ ಗೊತ್ತಿರೋದು ಎಂಪಿ3 ಒಂದೇ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಮುಂದೆ ನಿಂತು ಬೆಳೆಸಿದ ಈ ರೂಪದ ಪೇಟೆಂಟ್ ಪರವಾನಗಿಯ ವ್ಯವಹಾರ 2017ಕ್ಕೇ ಮುಗಿದಿದೆ. ಹಳತಾಯ್ತು ಅಂತ ನಮ್ಮ ಕಡೆಯವರು ಮೂಗು ಮುರೀತಾರೆ. ಆದರೆ ಸಂತೆಯಲ್ಲಿ ಸಿಗುವ ಡಬ್ಬಕ್ಕೂ ಅರ್ಥವಾಗುವ ಭಾಷೆ ಅದೇ.

ಭಾಷಾಂತರಕ್ಕೆ ನಾನು ಬಳಸೋದು ಎಫ್‌ಎಫ್‌ಎಂಪೆಗ್. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರು ಮಾಡಿದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ತಂತ್ರಾಂಶ. ಕಿಟಕಿ, ಗುಂಡಿ ಏನೂ ಇಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಬರೆಯಬೇಕು. ಆ ಸಾಲಿನಲ್ಲಿ ನಾನು ನಾಲ್ಕು ಕೆಲಸ ಹೇಳುತ್ತೇನೆ. ಒಂದು, ಸ್ಟೀರಿಯೋ ಬೇಡ, ಮೋನೋ ಮಾಡು. ಓದುವವರು ಒಬ್ಬರೇ, ಡಬ್ಬದಲ್ಲಿರೋ ಸ್ಪೀಕರೂ ಒಂದೇ. ಎರಡು, ಸೆಕೆಂಡಿಗೆ 64 ಕಿಲೋಬಿಟ್ ಸಾಕು. ಸಂಗೀತಕ್ಕೆ ಇದು ತೆಳು, ಮಾತಿಗೆ ಧಾರಾಳ. ಹೀಗೆ ಮಾಡಿದರೆ ಗಂಟೆಗೆ ಸುಮಾರು 29 ಎಂಬಿ. ಹತ್ತು ಗಂಟೆಯ ಕಾದಂಬರಿ 300 ಎಂಬಿಯ ಒಳಗೆ ಕೂರುತ್ತದೆ. ಮೂರು, ದನಿಯ ಏರಿಳಿತವನ್ನು ಸ್ವಲ್ಪ ಸಮ ಮಾಡು. ಓದುವವರು ಭಾವ ತುಂಬಿ ಪಿಸುಗುಟ್ಟಿದರೆ ಅಪ್ಪಯ್ಯನ ಕಿವಿಗೆ ಅದು ಮೌನವೇ.

ನಾಲ್ಕನೆಯದು ಮುಖ್ಯ: ಹತ್ತು ಹತ್ತು ನಿಮಿಷಕ್ಕೆ ಕತ್ತರಿಸು. ಕರೆಂಟ್ ಹೋಗಿ ಬಂದರೆ ಈ ರೇಡಿಯೋಗೆ ಎಷ್ಟನೇ ಫೈಲು ಅನ್ನೋದು ನೆನಪಿರುತ್ತದೆ, ಫೈಲಿನೊಳಗೆ ಎಲ್ಲಿತ್ತು ಅನ್ನೋದು ನೆನಪಿರಲ್ಲ. ಇಡೀ ಕಾದಂಬರಿ ಒಂದೇ ಫೈಲಾದರೆ ಮಳೆಗಾಲದಲ್ಲಿ ಅಪ್ಪಯ್ಯ ಮೊದಲನೇ ಅಧ್ಯಾಯ ದಾಟೋದೇ ಇಲ್ಲ. ತುಂಡು ಮಾಡಿದರೆ ಹೆಚ್ಚೆಂದರೆ ಹತ್ತು ನಿಮಿಷ ನಷ್ಟ. ಪೆನ್‌ಡ್ರೈವನ್ನು ಫ್ಯಾಟ್32 ಮಾಡಿ, ತುಂಡುಗಳನ್ನು ಒಂದರಿಂದ ಅರವತ್ತರವರೆಗೆ ಕ್ರಮವಾಗಿ ಹಾಕುತ್ತೇನೆ. ಈ ಡಬ್ಬಗಳಲ್ಲಿ ಹಲವು ಫೈಲಿನ ಹೆಸರು ನೋಡಲ್ಲ. ಯಾವುದನ್ನು ಮೊದಲು ಹಾಕಿದ್ದೀವೋ ಅದನ್ನೇ ಮೊದಲು ನುಡಿಸುತ್ತವೆ.

ಅಡಿಕೆ ಸುಲಿಯೋ ಕಾಲದಲ್ಲಿ ಇದು ಅಪ್ಪಯ್ಯನೊಬ್ಬರ ಪುಸ್ತಕವಾಗಿ ಉಳಿಯಲಿಲ್ಲ. ರಾತ್ರಿ ಎಂಟಕ್ಕೆ ಏಳೆಂಟು ಜನ ಮೆಟ್ಟುಗತ್ತಿ ಹಿಡಿದು ಕೂತರೆ ನಡುವೆ ರೇಡಿಯೋ. ನಮ್ಮ ಅಜ್ಜನ ಕಾಲದಲ್ಲಿ ಒಬ್ಬರು ಕುಮಾರವ್ಯಾಸ ಭಾರತ ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದರಂತೆ, ಓದು ಬಾರದವರಿಗೂ ಕಥೆ ಬಾಯಿಪಾಠ. ಈಗ ವಾಚನ ಡಬ್ಬದ್ದು, ವ್ಯಾಖ್ಯಾನ ಅಪ್ಪಯ್ಯನದು. ಶಾಲೆ ಮೆಟ್ಟಿಲೇ ಹತ್ತದ ಒಬ್ಬಾಕೆ ಮರುದಿನ ತೋಟದಲ್ಲಿ ನನ್ನನ್ನು ನಿಲ್ಲಿಸಿ, "ತಮ್ಮಾ, ಆ ಹುಡುಗಿ ಕಡೆಗೆ ಗಂಡನ ಮನೆಗೆ ಹೋದ್ಲಾ ಇಲ್ವಾ?" ಅಂತ ಕೇಳಿದರು. ಎಪ್ಪತ್ತು ದಾಟಿದ ಅವರು ಕೇಳಿದ ಮೊದಲ ಕಾದಂಬರಿ ಅದು.

ಬೀಗ ಹಾಕಿದ ಪುಸ್ತಕವಾಗಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅದು ಅವರ ಆ್ಯಪಿನಲ್ಲಿ ಮಾತ್ರ ಬಾಯಿ ಬಿಡುತ್ತದೆ. ಅಂಗಡಿ ಮುಚ್ಚಿದರೆ ಪುಸ್ತಕವೂ ಹೋಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ದುಡ್ಡನ್ನೇನೋ ವಾಪಸ್ ಕೊಟ್ಟಿತು, ಪುಸ್ತಕಗಳು ಮಾತ್ರ ಓದುಗರ ಬಳಿ ಉಳಿಯಲಿಲ್ಲ. ನಮ್ಮ ಕಾನೂನು ಇಲ್ಲಿ ಎರಡೂ ಕಡೆ ನೋಡುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಾದ ತಿದ್ದುಪಡಿ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆಯುವುದನ್ನು ಅಪರಾಧ ಅಂದಿತು. ಅದೇ ತಿದ್ದುಪಡಿ, ಅಂಗವೈಕಲ್ಯದಿಂದ ಮಾಮೂಲಿ ಪುಸ್ತಕ ಓದಲಾಗದವರಿಗೆ ಅವರಿಗೆ ಎಟುಕುವ ರೂಪದಲ್ಲಿ ಕೃತಿಯನ್ನು ಒದಗಿಸಲು ಜಾಗವನ್ನೂ ಕೊಟ್ಟಿತು. ನಾನು ಬೀಗದ ತಂಟೆಗೆ ಹೋಗಲ್ಲ. ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ನೋಡಿಕೊಳ್ತೀನಿ: ಫೈಲು ನನ್ನ ಕೈಗೆ ಬರುತ್ತೋ ಇಲ್ಲವೋ?

ಕೈಗೆ ಬಂದ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಕೆಳಗಿನ ಮನೆ ದೊಡ್ಡಪ್ಪ, "ನಂಗೂ ಒಂದು ಪೆನ್‌ಡ್ರೈವಿಗೆ ಅದನ್ನೆಲ್ಲ ಹಾಕ್ಕೊಡೋ" ಅಂದರು. ಎರಡು ನಿಮಿಷದ ಕೆಲಸ. ಆದರೆ ಬರೆದವರು, ಗಂಟೆಗಟ್ಟಲೆ ಕೂತು ಓದಿದವರು, ಕನ್ನಡದಲ್ಲಿ ಆಡಿಯೋ ಬುಕ್ ಮಾಡುವ ಧೈರ್ಯ ಮಾಡಿದವರು, ಇವರಿಗೆಲ್ಲ ಸೇರಿ ನಾನು ಕೊಟ್ಟಿದ್ದು ಒಂದು ಪ್ರತಿಯ ದುಡ್ಡು. ದೊಡ್ಡಪ್ಪನಿಗೆ ಇದನ್ನು ಹೇಗೆ ಹೇಳೋದು ಅಂತ ನಾನು ತಡವರಿಸುತ್ತಿರುವಾಗ ಅಪ್ಪಯ್ಯನೇ ಬಗೆಹರಿಸಿದರು. ರೇಡಿಯೋದಿಂದ ಪೆನ್‌ಡ್ರೈವ್ ಕಿತ್ತು ಅವರ ಕೈಯಲ್ಲಿಟ್ಟು, "ಇದನ್ನೇ ಒಯ್ಯಿ ಅಣ್ಣಯ್ಯ. ಕೇಳಿ ಮುಗಿಸಿ ತಂದುಕೊಡು" ಅಂದರು. ಆಮೇಲೆ ನನಗೆ, "ಪುಸ್ತಕ ಕೊಟ್ಟಾಗ ನಮ್ಮನೇಲಿ ಅದು ಇರ್ತಿರ್ಲಿಲ್ಲ. ಇದೂ ಹಂಗೇ ಇರ್ಲಿ."

ಇಷ್ಟು ಸರಳವಾದ ನಿಯಮ ನನ್ನ ಯಾವ ತಂತ್ರಾಂಶದಲ್ಲೂ ಇಲ್ಲ. ನಮ್ಮದಾದ ಪುಸ್ತಕವನ್ನು ನಮಗೆ ಬೇಕಾದ ರೂಪಕ್ಕೆ ತಂದುಕೊಳ್ಳಬಹುದು. ಇನ್ನೊಬ್ಬರಿಗೆ ಕೊಟ್ಟರೆ ಅದು ನಮ್ಮ ಕೈಬಿಟ್ಟು ಹೋಗಬೇಕು.

ಅಪ್ಪಯ್ಯ ಸದ್ಯ ಭದ್ರಾವತಿ ಸ್ಟೇಷನ್ ಕೇಳುತ್ತಿದ್ದಾರೆ. ದೊಡ್ಡಪ್ಪ ಪೆನ್‌ಡ್ರೈವ್ ಒಯ್ದು ಎರಡು ತಿಂಗಳಾಯ್ತು, ಇನ್ನೂ ವಾಪಸ್ ಬಂದಿಲ್ಲ.