ಮೈಸೂರು, ದಸರೆ, ಒಂದು ಹಳೆಯ ಬೈಸಿಕಲ್ಲು

ದಸರೆಯ ಕಾಲದಲ್ಲಿ ಮೈಸೂರಿಗೆ ಹೋಗುವವರು ಸಾಮಾನ್ಯವಾಗಿ ಅಂಬಾರಿಯನ್ನು ನೋಡಲು ಹೋಗುತ್ತಾರೆ. ಕಳೆದ ವರ್ಷ ನಾವು ಹೋದದ್ದು ಒಂದು ಬೈಸಿಕಲ್ಲಿಗೆ ಬಣ್ಣ ಹಾಕಿಸಲು. ಹಬ್ಬಕ್ಕೆ ಇನ್ನೂ ಮೂರು ವಾರಗಳಿದ್ದುವು. ಆಯುಧಪೂಜೆಯ ದಿನ ಆ ಸೈಕಲ್ಲು ಹೊಸ ಬಣ್ಣದಲ್ಲಿ ಅಂಗಳಕ್ಕೆ ಬರಬೇಕೆಂಬುದು ನನ್ನ ತಾಯಿಯವರ ಅಪ್ಪಣೆ.

ನನ್ನ ತಂದೆಯವರು 1974ರಲ್ಲಿ ಕೊಂಡ ಸೈಕಲ್ಲು ಅದು. ಕಪ್ಪು ಮೈ, ಅದರ ಮೇಲೆ ಹೊಂಬಣ್ಣದ ಎಳೆಗಳು, ಇಪ್ಪತ್ತೆಂಟು ಅಂಗುಲದ ಗಾಲಿಗಳು. ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಅವರು ನಿವೃತ್ತರಾಗುವ ತನಕ ಅದರ ಮೇಲೆಯೇ ಓಡಾಡಿದರು. ಅವರು ತೀರಿಕೊಂಡ ಮೇಲೆ ಅದು ಚಾಮರಾಜಪುರದ ನಮ್ಮ ಹಳೆಯ ಮನೆಯ ಹಿತ್ತಲ ಹಜಾರದಲ್ಲಿ ಗೋಡೆಗೊರಗಿ ನಿಂತಿತ್ತು. ಈಗ ನನ್ನ ಮಗನಿಗೆ ಮೈಸೂರಿನ ಕಾಲೇಜಿನಲ್ಲಿ ಸ್ಥಳ ದೊರೆತು, ಅವನು ಅಜ್ಜಿಯ ಮನೆಯಲ್ಲಿ ಉಳಿದುಕೊಂಡಿದ್ದಾನೆ. ತಾತನ ಸೈಕಲ್ಲಿನಲ್ಲಿಯೇ ಕಾಲೇಜಿಗೆ ಹೋಗುವೆನೆಂದು ಅವನು ಹೇಳಿದಾಗ ನಮಗೆಲ್ಲ ಸಂತೋಷವಾಯಿತು. ಬಣ್ಣದ ಮಾತು ಬಂದಾಗ ಮಾತ್ರ ಮನೆ ಎರಡು ಪಕ್ಷವಾಯಿತು.

ಕಪ್ಪೇ ಇರಲಿ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಎಂಥ ಕಪ್ಪು? ಹುಡುಗನಿಗೆ ಬೇಕಾಗಿದ್ದುದು ಈಗಿನವರು ‘ಮ್ಯಾಟ್’ ಎನ್ನುವ ಹೊಳಪಿಲ್ಲದ ಕಪ್ಪು. ಒಲೆಯ ಮೇಲಿನ ಹೆಂಚಿನಂತೆ, ಬೆಳಕನ್ನೆಲ್ಲ ನುಂಗಿ ಸುಮ್ಮನಿರುವ ಬಣ್ಣ. ಅವನ ಅಜ್ಜಿಗೆ ಅದು ಬಣ್ಣವೆಂದೇ ತೋರಲಿಲ್ಲ. “ಇದ್ದಿಲು ಬಳಿದ ಹಾಗಿರುತ್ತೆ ಕಣೋ. ನಿಮ್ಮ ತಾತನ ಸೈಕಲ್ಲು ಥಳಥಳ ಅಂತಿತ್ತು,” ಎಂದರು. ತೀರ್ಪು ಹೇಳುವ ಭಾರ ನನ್ನ ಮೇಲೆ ಬಿತ್ತು. ನಾನು ಅದನ್ನು ತಳ್ಳಿಕೊಂಡು ಬಣ್ಣದ ಮೇಸ್ತ್ರಿಯ ಬಳಿಗೆ ಹೊರಟೆ.

ದೇವರಾಜ ಮಾರುಕಟ್ಟೆಯ ಮಲ್ಲಿಗೆ, ಅರಿಶಿನ, ವೀಳ್ಯದೆಲೆಗಳ ವಾಸನೆಯನ್ನು ಹಿಂದಕ್ಕೆ ಬಿಟ್ಟು ಉತ್ತರಕ್ಕೆ ನಡೆದರೆ ಮಂಡಿ ಮೊಹಲ್ಲಾ. ಅಲ್ಲಿನ ಒಂದು ಓಣಿಯಲ್ಲಿ ಮೇಸ್ತ್ರಿಯ ಅಂಗಡಿ. ಅಂಗಡಿಯೆಂದರೆ ಒಂದು ಶೆಡ್ಡು. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿತ್ತು. ಮೇಸ್ತ್ರಿ ಅರುವತ್ತು ದಾಟಿದವರು. ನನ್ನ ಪ್ರಶ್ನೆಯನ್ನು ಕೇಳಿ ನಕ್ಕು, ಸೈಕಲ್ಲಿನ ಮೈಮೇಲೆ ಅಂಗೈಯನ್ನು ಮೆಲ್ಲನೆ ಆಡಿಸಿದರು.

“ಸ್ವಾಮಿ, ಹೊಳಪಿನ ಬಣ್ಣಕ್ಕೆ ಬಾಯಿ ಬಹಳ. ಒಳಗಿರೋದನ್ನೆಲ್ಲ ಹೇಳಿಬಿಡತ್ತೆ. ಒಂದು ಮರಳಿನ ಕಾಳು ಕೂತಿದ್ದರೂ, ಉಜ್ಜಿದ ಗೆರೆ ಉಳಿದಿದ್ದರೂ ಬಿಸಿಲಿಗೆ ಹಿಡಿದರೆ ಕಾಣತ್ತೆ. ಮ್ಯಾಟ್ ಹಾಗಲ್ಲ, ಗುಟ್ಟು ಬಿಡಲ್ಲ. ಆದರೆ ಸಾಕೋದು ಕಷ್ಟ.”

ಮೇಸ್ತ್ರಿಯ ಈ ಮಾತಿಗೆ ವಿಜ್ಞಾನದ ಆಧಾರವಿದೆ. ಬಣ್ಣವೆಂದರೆ ಮುಖ್ಯವಾಗಿ ಅಂಟು, ಪುಡಿ ಮತ್ತು ಅವನ್ನು ತೆಳುವಾಗಿಸುವ ದ್ರಾವಣ. ದ್ರಾವಣ ಆರಿಹೋದ ಮೇಲೆ ಅಂಟು ನುಣುಪಾದ ಪೊರೆಯಾಗಿ ನಿಂತರೆ, ಅದರ ಮೇಲೆ ಬಿದ್ದ ಬೆಳಕು ಚದರದೆ ಒಂದೇ ಕಡೆಗೆ ಹಿಂದಿರುಗುತ್ತದೆ, ಅದೇ ಹೊಳಪು. ಮ್ಯಾಟ್ ಬಣ್ಣದಲ್ಲಿ ಬಹುಮಟ್ಟಿಗೆ ನುಣ್ಣನೆಯ ಸಿಲಿಕಾ ಪುಡಿ ಬೆರೆತಿರುತ್ತದೆ. ಅದರಿಂದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗುಗಳುಂಟಾಗಿ ಬೆಳಕು ದಿಕ್ಕಾಪಾಲಾಗಿ ಚದರುತ್ತದೆ. ತಗಡಿನ ಕುಂದುಗಳು ಮರೆಯಾಗುವುದು ಇದರಿಂದಲೇ. ಎಣ್ಣೆಜಿಡ್ಡು, ಧೂಳು, ಕೈಬೆವರುಗಳು ಆ ಏರುತಗ್ಗುಗಳಲ್ಲಿ ಮನೆಮಾಡುವುದೂ ಇದರಿಂದಲೇ. ಹೊಳಪಿನ ಬಣ್ಣಕ್ಕೆ ಗೀರು ಬಿದ್ದರೆ, ಅದು ಆಳವಾಗಿಲ್ಲದಿದ್ದಲ್ಲಿ, ಪಾಲಿಶು ಹಾಕಿ ಉಜ್ಜಿ ಸರಿಪಡಿಸಬಹುದು. ಮ್ಯಾಟ್ ಬಣ್ಣವನ್ನು ಉಜ್ಜಿದರೆ ಉಜ್ಜಿದಷ್ಟು ಜಾಗ ಹೊಳೆಯತೊಡಗಿ ಮಚ್ಚೆಯಾಗುತ್ತದೆ. ಆ ಜಾಗಕ್ಕಷ್ಟೇ ಮತ್ತೆ ಬಣ್ಣ ಕೊಟ್ಟರೆ ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆಯಾಗುವುದು ಅಪರೂಪ.

ಮೇಸ್ತ್ರಿ ಒಂದು ಹಳೆಯ ಮಡ್‌ಗಾರ್ಡನ್ನು ಎರಡು ತುಂಡು ಮಾಡಿ, ಒಂದಕ್ಕೆ ಹೊಳಪಿನ ಕಪ್ಪನ್ನೂ ಇನ್ನೊಂದಕ್ಕೆ ಮ್ಯಾಟ್ ಕಪ್ಪನ್ನೂ ಹಾಕಿ, ಎರಡು ದಿನ ಒಣಗಿಸಿ ಕೊಟ್ಟರು. “ಮನೆಯಲ್ಲಿ ಎಲ್ಲರ ಕೈಗೂ ಕೊಡಿ. ಕೈಗೆ ಸಿಕ್ಕ ಮೇಲೇ ಬಣ್ಣದ ಗುಣ ಗೊತ್ತಾಗೋದು,” ಎಂದರು.

ಆ ಎರಡು ತುಂಡುಗಳನ್ನು ಚೀಲದಲ್ಲಿಟ್ಟುಕೊಂಡು ತಂದೆಮಕ್ಕಳಿಬ್ಬರೂ ಮೈಸೂರನ್ನು ಸುತ್ತಿದೆವು. ಹುಟ್ಟಿದ ಊರನ್ನು ನಾನು ಈ ಕಣ್ಣಿನಿಂದ ಎಂದೂ ನೋಡಿರಲಿಲ್ಲ. 1897ರ ಬೆಂಕಿಯ ನಂತರ ಕಟ್ಟಲಾರಂಭಿಸಿ 1912ರಲ್ಲಿ ಮುಗಿಸಿದ ಅರಮನೆ ಹಗಲಿನಲ್ಲಿ ಬೂದುಬಣ್ಣದ ಕಲ್ಲು. ಹೊಳಪಿಗೆ ಆಸೆಪಡದ ಗಾಂಭೀರ್ಯ. ಒಳಗೆ ಕಲ್ಯಾಣಮಂಟಪಕ್ಕೆ ಕಾಲಿಟ್ಟರೆ, ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳು ಬಣ್ಣ ತೊಟ್ಟು, ಮೇಲಿನ ನವಿಲುಗಾಜಿನ ಚಾವಣಿಯ ಬೆಳಕನ್ನು ಮೈಮೇಲೆ ಹಿಡಿದು ನಿಂತಿವೆ. ಕಲ್ಲು ಬರಿಮೈಯಲ್ಲಿ ಬಾಳೀತು, ಕಬ್ಬಿಣ ಬಾಳದು. ಸೈಕಲ್ಲಿಗೂ ಅರಮನೆಯ ಕಂಬಕ್ಕೂ ಈ ವಿಷಯದಲ್ಲಿ ಭೇದವಿಲ್ಲ.

ಬಣ್ಣದ ವಿಚಾರವನ್ನು ಮಾತನಾಡುವ ಅಧಿಕಾರವೂ ಈ ಊರಿಗುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಕಾಡಿನ ಅರಗನ್ನು ಬಳಸಿಕೊಳ್ಳಲೆಂದು ಇಲ್ಲಿ ಬಣ್ಣದ ಕಾರ್ಖಾನೆಯೊಂದು ಆರಂಭವಾಯಿತು. ಜಂಬೂಸವಾರಿ ಹೋಗಿ ಸೇರುವ ಬನ್ನಿಮಂಟಪದ ಕಡೆಗೇ ಅದೂ ಇದೆ. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಾಗುತ್ತಿರುವುದು ಅಲ್ಲಿಯೇ. ಅದಕ್ಕೆ ಹೊಳಪಿನ ಹಂಗಿಲ್ಲ. ಅಳಿಸದೆ ನಿಂತರೆ ಸಾಕು.

ಮರುದಿನ ಬೆಳಗ್ಗೆ ಚಾಮುಂಡಿಬೆಟ್ಟವನ್ನು ಹತ್ತಿದೆವು. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲುಗಳ ದಾರಿ. ಹರಕೆ ಹೊತ್ತ ಹೆಂಗಸರು ಪ್ರತಿಯೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನಕುಂಕುಮ ಹಚ್ಚುತ್ತ ಹತ್ತುತ್ತಿದ್ದರು. ಜನರ ಕಾಲು ಸವೆದಲ್ಲಿ ಕಲ್ಲು ನುಣುಪಾಗಿ ಮಿನುಗುತ್ತಿತ್ತು. ಅಲ್ಲಿ ಕುಂಕುಮ ನಿಂತಿರಲಿಲ್ಲ. ಕಾಲು ಸೋಕದ ಒರಟು ಅಂಚುಗಳಲ್ಲಿ ಹಿಂದಿನ ದಿನಗಳ ಕುಂಕುಮವೆಲ್ಲ ಕಚ್ಚಿಕೊಂಡು ಕೆಂಪಾಗಿತ್ತು. ನಂದಿಯ ಬಳಿ ಕುಳಿತು ಮಗ ಚೀಲದಿಂದ ಎರಡು ತುಂಡುಗಳನ್ನೂ ತೆಗೆದು ನೋಡಿದ. “ಅಪ್ಪ, ಆಯುಧಪೂಜೆ ದಿನ ಸೈಕಲ್ಲಿಗೂ ಗಂಧಕುಂಕುಮ ಹಚ್ಚುತ್ತಾರಲ್ಲ?” ಎಂದ. ಅಷ್ಟು ಹೊತ್ತಿಗೆ ಅವನಿಗೆ ಅರ್ಧ ಉತ್ತರ ಹೊಳೆದಿತ್ತು.

ಮನೆಯಲ್ಲಿ ಅಜ್ಜಿ ಆ ಪರೀಕ್ಷೆಯನ್ನು ಮಾಡಿಯೇ ತೋರಿಸಿದರು. ಎರಡು ತುಂಡುಗಳಿಗೂ ಗಂಧವನ್ನೂ ಕುಂಕುಮವನ್ನೂ ಹಚ್ಚಿ ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಒದ್ದೆಬಟ್ಟೆಯಿಂದ ಒರಸಿದರು. ಹೊಳಪಿನದು ಒಂದೇ ಸಲಕ್ಕೆ ಶುಚಿಯಾಯಿತು. ಮ್ಯಾಟ್ ತುಂಡಿನ ಮೇಲೆ ಕೆಂಬಣ್ಣದ ನೆರಳು ಉಳಿಯಿತು. ಬಲವಾಗಿ ತಿಕ್ಕಿದಾಗ ನೆರಳು ಹೋಗಿ, ತಿಕ್ಕಿದ ಜಾಗ ಮಿರುಗತೊಡಗಿತು. ಹುಡುಗ ಸೋಲನ್ನು ಒಪ್ಪಿಕೊಂಡ.

ವಿಷಯ ಮುಗಿಯಿತೆಂದು ನಾನು ಮೇಸ್ತ್ರಿಯ ಬಳಿಗೆ ಹೋದರೆ, ಅಲ್ಲಿ ಮುಗಿದಿರಲಿಲ್ಲ. ಹಳೆಯ ಬಣ್ಣವನ್ನೆಲ್ಲ ಕೆರೆದು ತೆಗೆದ ಚೌಕಟ್ಟು ಬತ್ತಲೆಯಾಗಿ ತೂಗುತ್ತಿತ್ತು. ಮೇಲಿನ ಅಡ್ಡಕೊಳವೆಯ ನಡುವೆ ಹೆಬ್ಬೆರಳಿನಷ್ಟು ಅಗಲದ ಒಂದು ತಗ್ಗು. “ಇದಕ್ಕೆ ಪುಟ್ಟಿ ತುಂಬಿ ಸಮ ಮಾಡಬೇಕು ಸ್ವಾಮಿ. ಮ್ಯಾಟ್ ಆಗಿದ್ದರೆ ಹಾಗೇ ಬಿಡಬಹುದಿತ್ತು. ಹೊಳಪಿಗೆ ಬಿಟ್ಟರೆ ಊರಿಗೆಲ್ಲ ಕಾಣತ್ತೆ.”

ಆ ತಗ್ಗು ನನಗೆ ಗೊತ್ತಿದ್ದುದೇ. 1981ರಲ್ಲಿ ನನಗೆ ಏಳು ವರ್ಷ. ತಂದೆಯವರು ನನ್ನನ್ನು ಸೈಕಲ್ಲಿನಲ್ಲಿ ಬೆಟ್ಟಕ್ಕೆ ಕರೆದೊಯ್ಯಬಾರದೆಂದು ಅಮ್ಮ ಕಟ್ಟುನಿಟ್ಟು ಮಾಡಿದ್ದರು. ಒಂದು ಭಾನುವಾರ ಅವರು ಕರೆದೊಯ್ದರು. ತಳ್ಳಿಕೊಂಡು ಹತ್ತಿದೆವು, ಇಳಿಯುವಾಗ ನಾನು ಆ ಅಡ್ಡಕೊಳವೆಯ ಮೇಲೆ ಕುಳಿತಿದ್ದೆ. ಒಂದು ತಿರುವಿನಲ್ಲಿ ಬ್ರೇಕು ಹಿಡಿಯದೆ ರಸ್ತೆಯ ಅಂಚಿನ ಕಲ್ಲಿಗೆ ಹೋಗಿ ಬಿದ್ದೆವು. ಅವರು ತಮ್ಮ ಮೈಯನ್ನು ನನಗೆ ಅಡ್ಡ ಕೊಟ್ಟಿದ್ದರಿಂದ ನನಗೇನೂ ಆಗಲಿಲ್ಲ. ಅವರ ಮಂಡಿ ಒಡೆಯಿತು. ಮನೆಯಲ್ಲಿ ಕೇಳಿದಾಗ, ಶಾಲೆಯ ಮೆಟ್ಟಿಲಲ್ಲಿ ಜಾರಿದೆನೆಂದರು. ನಾನೂ ಬಾಯಿ ಬಿಡಲಿಲ್ಲ.

ಅಂದು ಸಂಜೆ, ಪುಟ್ಟಿ ತುಂಬಿಸಲೇ ಎಂದು ಅಮ್ಮನನ್ನು ಕೇಳಿದೆ. ಅವರು ಹೂ ಕಟ್ಟುತ್ತಿದ್ದರು, ತಲೆಯೆತ್ತಲಿಲ್ಲ.

“ಬೆಟ್ಟದ ತಗ್ಗು ತಾನೆ? ಬೇಡ. ನಿಮ್ಮಪ್ಪ ಒಂದು ಸಲ ಮುಚ್ಚಿದ್ದೇ ಸಾಕು.”

ನಾನು ಬೆರಗಾಗಿ ನಿಂತೆ. “ನಿನಗೆ ಗೊತ್ತಿತ್ತೇನಮ್ಮ?”

“ಭಾನುವಾರ ಯಾವ ಶಾಲೆಯಪ್ಪ ತೆರೆದಿರುತ್ತೆ?”

ತಗ್ಗನ್ನು ಬಿಟ್ಟರೆ ತನ್ನ ಕೆಲಸಕ್ಕೆ ಕುಂದೆಂದು ಮೇಸ್ತ್ರಿ ಒಪ್ಪಲಿಲ್ಲ. ಅಮ್ಮ ತಾವೇ ಆಟೋದಲ್ಲಿ ಮಂಡಿ ಮೊಹಲ್ಲಾಕ್ಕೆ ಹೋಗಿ, ಶೆಡ್ಡಿನ ಒಂದು ಡಬ್ಬದ ಮೇಲೆ ಕುಳಿತು ಅವರೊಡನೆ ಮಾತನಾಡಿದರು. ಏನು ಹೇಳಿದರೋ ತಿಳಿಯದು. “ಆಯ್ತಮ್ಮಾ, ಹಾಗೇ ಆಗಲಿ,” ಎಂದರು ಮೇಸ್ತ್ರಿ.

ಆಯುಧಪೂಜೆಯ ಬೆಳಗ್ಗೆ ಅರಮನೆಯಲ್ಲಿ ಪಟ್ಟದ ಆನೆ, ಕುದುರೆ, ಕತ್ತಿಗಳಿಗೆ ಪೂಜೆಯಾಗುವ ದಿನವೇ ಚಾಮರಾಜಪುರದ ನಮ್ಮ ಅಂಗಳದಲ್ಲಿ ಆ ಸೈಕಲ್ಲಿಗೂ ಪೂಜೆಯಾಯಿತು. ಚೆಂಡುಹೂವಿನ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು, ಕಪ್ಪು ಮೈಮೇಲೆ ಗಂಧದ ಬೊಟ್ಟು. ಮೇಸ್ತ್ರಿ ಕುಂಚದಿಂದ ಎಳೆದ ಹೊನ್ನಗೆರೆ ತಗ್ಗಿನಲ್ಲಿ ಇಳಿದು, ಮತ್ತೆ ಏರಿ, ಎಲ್ಲಿಯೂ ಕಡಿಯದೆ ಸಾಗಿತ್ತು.

ಸಂಜೆ ಏಳಕ್ಕೆ ಅರಮನೆಯ ಸುಮಾರು 97,000 ದೀಪಗಳು ಒಮ್ಮೆಲೆ ಹತ್ತಿಕೊಂಡಾಗ ಮಗ ಸೈಕಲ್ಲನ್ನು ಹಿಡಿದು ಹೆಬ್ಬಾಗಿಲಿನ ಎದುರು ನಿಂತಿದ್ದ. ಅಡ್ಡಕೊಳವೆಯ ಮೇಲೆ ದೀಪಗಳ ಸಾಲು ನೇರವಾಗಿ ಬಂದು, ಒಂದು ಕಡೆ ಮಾತ್ರ ಬಾಗಿ, ಮತ್ತೆ ನೇರವಾಗುತ್ತಿತ್ತು. ಅವನು ಅದರ ಮೇಲೆ ಬೆರಳಿಟ್ಟು ನೋಡಿದ.

“ಅಜ್ಜೀ, ನಾಳೆ ಇದರಲ್ಲಿ ಬೆಟ್ಟಕ್ಕೆ ಹೋಗಿಬರಲೇ?”

“ಊರೆಲ್ಲ ಸುತ್ತು. ಬೆಟ್ಟಕ್ಕೆ ಮಾತ್ರ ಬೇಡ,” ಎಂದರು ಅಮ್ಮ, ನನ್ನ ಕಡೆ ತಿರುಗಿ.